ಕಬ್ಬಿನ ನಾಡಿಗೆ ಬಂದ ಕಡಲಹೂವು

ನಮ್ಮ ಶಾಲೆಯ ಸ್ಮರಣಸಂಚಿಕೆಗೆ ಏನನ್ನಾದರೂ ಬರೆದು ಕಳುಹಬೇಕೆಂದು ಸಂಪಾದಕಿಯವರ ಕಾಗದ ಬಂದಿತು. ಹಳೆಯ ವಿದ್ಯಾರ್ಥಿನಿಯೊಬ್ಬಳು ಇಷ್ಟು ವರ್ಷಗಳ ಮೇಲೆ ಬರೆಯುವದೆಂದರೆ ಅದು ಗೃಹಕೃತ್ಯವನ್ನೋ ಮಕ್ಕಳ ಪಾಲನೆಯನ್ನೋ ಕುರಿತದ್ದಾಗಿರುವದೆಂದು ಅವರು ಎಣಿಸಿರಬಹುದು. ನಾವು ಬರೆಯಹೊರಟಿರುವದೂ ಒಂದು ಬಗೆಯ ಗೃಹಕೃತ್ಯವೇ ಸರಿ, ಪಾಲನೆಯೂ ಹೌದು. ಆದರೆ ನಮ್ಮಿಂದ ಪಾಲಿತವಾಗುವ ಜೀವಿಗೆ ಕಣ್ಣಿಲ್ಲ, ಕಿವಿಯಿಲ್ಲ, ಮಿದುಳಿಲ್ಲ. ಉಣ್ಣುವದಕ್ಕೂ ಉಂಡುದರ ಕಸವನ್ನು ಹೊರಚೆಲ್ಲುವದಕ್ಕೂ ಅದಕ್ಕೆ ಒಂದೇ ಬಾಯಿ. ಇಂಗ್ಲಿಷಿನಲ್ಲಿ ಸೀ ಅನಿಮೊನಿ ಎಂದು ಕರೆಯುವ ಇದನ್ನು ನಾವು ಮನೆಯಲ್ಲಿ ಕಡಲಹೂವು ಎನ್ನುತ್ತೇವೆ. ಕರಾವಳಿಯಲ್ಲಿ ಓದಿದ ನಮ್ಮ ಸಹೋದರಿಯರಿಗೆ ಇದು ಅಪರಿಚಿತವಾಗಿರಲಾರದು. ಸೋಮೇಶ್ವರದ ಬಂಡೆಗಳ ನಡುವಿನ ಕುಳಿಗಳಲ್ಲಿ, ನೀರು ಇಳಿದಿರುವಾಗ, ಲೋಳೆಯ ಗುಂಡಿಯಂತೆ ಮುದುಡಿಕೊಂಡಿದ್ದು, ಅಲೆ ಬಂದೊಡನೆ ಎಸಳು ಬಿಚ್ಚುವ ಆ ಪ್ರಾಣಿಯನ್ನು ನೋಡಿ ಬೆರಳು ಚಾಚಿದವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ.

ಯಜಮಾನರ ಉದ್ಯೋಗದ ನಿಮಿತ್ತ ನಾವೀಗ ವಾಸವಾಗಿರುವದು ಬಾಗಲಕೋಟೆ ಜಿಲ್ಲೆಯ ಸಮೀರವಾಡಿಯಲ್ಲಿ. ಇದು ಮಹಾಲಿಂಗಪುರದ ಸಮೀಪದಲ್ಲಿ, ಸಕ್ಕರೆ ಕಾರಖಾನೆಯ ಸುತ್ತ ಬೆಳೆದ ಊರು. ಎತ್ತ ನೋಡಿದರೂ ಕಬ್ಬು. ಕಡಲೆಂಬುದು ಇಲ್ಲಿಯ ಮಕ್ಕಳಿಗೆ ಪುಸ್ತಕದಲ್ಲಿಯ ಮಾತು. ಈ ಸೀಮೆಗೆ ನೀರುಣಿಸುವ ಘಟಪ್ರಭೆಯಾದರೂ ಸಹ್ಯಾದ್ರಿಯಲ್ಲಿ, ಪಡುವಣ ಕಡಲಿನ ಮಗ್ಗುಲಲ್ಲಿಯೇ ಹುಟ್ಟಿ, ಹತ್ತಿರದ ಆ ಕಡಲಿಗೆ ಬೆನ್ನು ತೋರಿಸಿ, ಮೂಡಲಿಗೆ ಹರಿದು ಕೃಷ್ಣೆಯನ್ನು ಕೂಡಿ, ದೂರದ ಬಂಗಾಲ ಉಪಸಾಗರಕ್ಕೆ ಹೋಗುತ್ತದೆ. ಮದುವೆಯಾಗಿ ಘಟ್ಟದ ಮೇಲಕ್ಕೆ ಬಂದ ಹೊಸತರಲ್ಲಿ ಈ ನದಿಯ ನಡತೆ ನಮಗೆ ಸ್ವಲ್ಪ ಮನಸ್ಸಿಗೆ ಬಂದದ್ದುಂಟು.

ಅಂತಹ ಊರಿನಲ್ಲಿ, ಬೈಠಕಿನ ಗೋಡೆಗೆ ಒತ್ತಿ, ನಾಲ್ಕು ಅಡಿ ಉದ್ದದ, ೨೫೦ ಲೀಟರು ಹಿಡಿಯುವ ಗಾಜಿನ ತೊಟ್ಟಿಯೊಂದರಲ್ಲಿ ನಾವು ಕಡಲನ್ನು ಇಟ್ಟುಕೊಂಡಿದ್ದೇವೆ. ಹುಚ್ಚೆಂದು ಹೇಳುವವರು ಹೇಳಿದರು. ಆದರೆ ಈ ಹುಚ್ಚಿಗೆ ಪೂರ್ವಿಕರಿದ್ದಾರೆ. ಅವರಲ್ಲಿ ಮೊದಲಿಗಳೆನ್ನಬಹುದಾದವಳು ಒಬ್ಬ ಗೃಹಿಣಿಯೇ. ಲಂಡನಿನ ವೆಸ್ಟ್‌ಮಿನ್‌ಸ್ಟರ್ ದೇವಾಲಯದ ಪಾದ್ರಿಯೊಬ್ಬರ ಪತ್ನಿಯಾದ ಅನ್ನಾ ಥಿನ್ ಎಂಬಾಕೆ ೧೮೪೬ರಲ್ಲಿ ಟಾರ್ಕಿ ಎಂಬ ಕಡಲತೀರದಿಂದ ಸಣ್ಣ ಹವಳಜೀವಿಗಳನ್ನು ಕಲ್ಲಿನ ಜಾಡಿಯಲ್ಲಿ ಲಂಡನಿಗೆ ತಂದಳು. ನೀರು ಕೆಡಬಾರದಲ್ಲ! ಅದಕ್ಕೆ ಆಕೆಯ ಮನೆಯ ಎಳೆಯ ಸೇವಕಿಯೊಬ್ಬಳು ದಿನವೂ ಮಧ್ಯಾಹ್ನ, ತೆರೆದ ಕಿಟಕಿಯ ಮುಂದೆ ನಿಂತು, ಅರ್ಧ ಮುಕ್ಕಾಲು ತಾಸಿನವರೆಗೆ ಆ ನೀರನ್ನು ಪಾತ್ರೆಯಿಂದ ಪಾತ್ರೆಗೆ ಹೊಯ್ಯುತ್ತಿದ್ದಳಂತೆ. ಮರುವರ್ಷ ಕಡಲಪಾಚಿಯನ್ನು ಜತೆಗೆ ಬೆಳೆಸಿದ ಮೇಲೆ ಆ ಶ್ರಮ ಕಡಮೆಯಾಯಿತು. ನಮ್ಮ ಮನೆಯಲ್ಲಿ ಆ ಹುಡುಗಿಯ ಕೆಲಸವನ್ನು ವಿದ್ಯುತ್ತಿನ ಪಂಪು ಮಾಡುತ್ತದೆ. ವಿದ್ಯುತ್ತು ಇರುವ ತನಕ ಎಂಬ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಕಡಲನ್ನು ಮಾಡುವದು ಹೇಗೆಂದು ಅನೇಕರು ಕೇಳುತ್ತಾರೆ. ಅಡಿಗೆಯ ಉಪ್ಪನ್ನು ಕದಡಿದರೆ ಉಪ್ಪುನೀರಾಗುವದೇ ಹೊರತು ಕಡಲಾಗುವದಿಲ್ಲ. ಒಂದು ಕಿಲೋ ಸಮುದ್ರಜಲದಲ್ಲಿ ಸುಮಾರು ೩೫ ಗ್ರಾಂ ಲವಣವಿರುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಅಡಿಗೆಯ ಉಪ್ಪಿನ ಅಂಶಗಳೇ ಆದರೂ, ಮೆಗ್ನೀಶಿಯಂ, ಸುಣ್ಣದ ಅಂಶ, ಪೊಟ್ಯಾಶಿಯಂ, ಗಂಧಕದ ಲವಣ ಇವೆಲ್ಲ ಗೊತ್ತಾದ ಪ್ರಮಾಣದಲ್ಲಿ ಇಲ್ಲದೆ ಹೋದರೆ ಕಡಲಿನ ಜೀವಿ ಬಾಳಲಾರದು. ಆದುದರಿಂದ ಇದಕ್ಕೆಂದೇ ಸಿದ್ಧಪಡಿಸಿದ ಲವಣವನ್ನು ತರಿಸಿ, ಶುದ್ಧೀಕರಣ ಯಂತ್ರದಿಂದ ಸೋಸಿದ ನೀರಿನಲ್ಲಿ ಕರಗಿಸುತ್ತೇವೆ. ಈ ಭಾಗದ ಕೊಳವೆಬಾವಿಯ ಗಡಸುನೀರು ಇದಕ್ಕೆ ಉಪಯೋಗವಿಲ್ಲ. ಮೊದಲ ಸಲ ತುಂಬುವಾಗ ಒಂಬತ್ತು ಹತ್ತು ಕಿಲೋ ಲವಣ ಹಿಡಿಯಿತು. ಸೆಕೆಗಾಲದಲ್ಲಿ ದಿನಕ್ಕೆ ನಾಲ್ಕು ಲೀಟರಿನಷ್ಟು ನೀರು ಆವಿಯಾಗಿ ಹೋಗುತ್ತದೆ. ಉಪ್ಪು ಮಾತ್ರ ಹೋಗುವದಿಲ್ಲ. ಹತ್ತು ದಿನ ಉದಾಸೀನ ಮಾಡಿದರೆ ೩೫ ಇದ್ದ ಲವಣಾಂಶ ೪೦ನ್ನು ದಾಟುವದು. ಹೀಗಾಗಿ ಆರಿದ ನೀರಿಗೆ ಬದಲಾಗಿ ದಿನದಿನವೂ ಹೊಯ್ಯಬೇಕಾದ್ದು ಸಿಹಿನೀರು. ಉಪ್ಪುನೀರಿನ ತೊಟ್ಟಿಗೆ ಸಿಹಿನೀರು ಹೊಯ್ಯುವದನ್ನು ಕಂಡು ನಮ್ಮ ಅತ್ತೆಯವರು ಮೊದಮೊದಲು ತಲೆಯಾಡಿಸುತ್ತಿದ್ದರು. ಈಗ ಆ ತಂಬಿಗೆಯ ಲೆಕ್ಕ ಅವರದೇ.

ಲವಣವನ್ನು ಅಳೆಯುವ ರಿಫ್ರ್ಯಾಕ್ಟೋಮೀಟರ್ ಎಂಬ ಉಪಕರಣವನ್ನು ನಾವು ಹಿತ್ತಲಲ್ಲಿ ಬೆಳಕಿಗೆ ಹಿಡಿದು ನೋಡುತ್ತಿದ್ದಾಗ, ನೆರೆಯ ಹೊಲದ ರೈತರೊಬ್ಬರು ಬೇಲಿಯ ಆಚೆಯಿಂದ, “ಅಕ್ಕಾರ, ಅದು ನಮ್ಮ ಕಬ್ಬಿನ ಬ್ರಿಕ್ಸ್ ನೋಡೂ ದುರ್ಬೀನ ಅಲ್ಲೇನ್ರಿ?” ಎಂದು ಕೇಳಿದರು. ಅವರ ಊಹೆ ಸರಿಯಾಗಿತ್ತು. ಕಬ್ಬು ಮಾಗಿತೋ ಇಲ್ಲವೋ ಎಂದು ನೋಡುವದಕ್ಕೆ ರಸದ ಒಂದು ಹನಿಯನ್ನು ಗಾಜಿನ ಮೇಲೆ ಬಿಟ್ಟು, ಅದರೊಳಗಿಂದ ಹಾಯುವಾಗ ಬೆಳಕು ಎಷ್ಟು ಬಾಗುವದೆಂಬದರಿಂದ ಸಕ್ಕರೆಯನ್ನು ತಿಳಿಯುತ್ತಾರೆ. ಚೆನ್ನಾಗಿ ಮಾಗಿದ ಕಬ್ಬಿನಲ್ಲಿ ಅದು ನೂರಕ್ಕೆ ೨೦ರ ಆಸುಪಾಸು ತೋರಿಸುತ್ತದೆ. ನಮ್ಮದೂ ಅದೇ ತತ್ತ್ವ. ಒಳಗಿನ ಅಳತೆಯ ಗೆರೆಗಳು ಮಾತ್ರ ಬೇರೆ. ಅವರು ಕಣ್ಣಿಗೆ ಹಿಡಿದು ನೋಡಿ, “ಅಲ್ರೀ ಅಕ್ಕಾರ, ಸಕ್ಕರಿ ಊರಾಗ ಕುಂತು ಉಪ್ಪ ಅಳೀತೀರಲ್ರಿ!” ಎಂದು ನಕ್ಕು ಹೋದರು.

ತೊಟ್ಟಿ ತುಂಬಿದ ಮಾತ್ರಕ್ಕೆ ಹೂವನ್ನು ತರುವ ಹಾಗಿಲ್ಲ. ಮೀನಿನ ಮಲದಿಂದಲೂ ಉಳಿದ ಆಹಾರದಿಂದಲೂ ಅಮೋನಿಯಾ ಎಂಬ ವಿಷ ಹುಟ್ಟುವದು. ಅದನ್ನು ನೈಟ್ರೈಟ್ ಆಗಿಯೂ, ನೈಟ್ರೈಟನ್ನು ಅಷ್ಟು ಕೇಡಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಕಲ್ಲು ಮರಳುಗಳ ಮೇಲೆ ನೆಲೆಸಬೇಕು. ಮೀನುಗಳಿಗೆ ಒಂದೆರಡು ತಿಂಗಳ ತೊಟ್ಟಿ ಸಾಕಾಗಬಹುದು. ಕಡಲಹೂವಿಗೆ ಆರು ತಿಂಗಳಿಂದ ಒಂದು ವರ್ಷ ಹಳೆಯದಾದ ತೊಟ್ಟಿ ಬೇಕು. ನಾವು ಹದಿನಾಲ್ಕು ತಿಂಗಳು ಕಾದೆವು. ಈ ಅವಧಿಯಲ್ಲಿ ತೊಟ್ಟಿಯಲ್ಲಿದ್ದದ್ದು ಒಂದು ಜೊತೆ ಕ್ಲೌನ್ ಮೀನು. ನಮ್ಮ ಯಕ್ಷಗಾನದ ಮಾತಿನಲ್ಲಿ ಕೋಡಂಗಿ ಮೀನು ಎನ್ನೋಣ. ಕಿತ್ತಿಳೆ ಬಣ್ಣದ ಮೈಗೆ ಬಿಳಿಯ ಪಟ್ಟೆಗಳು. ಈ ಮೀನುಗಳೆಲ್ಲ ಮೊದಲು ಗಂಡಾಗಿಯೇ ಬೆಳೆಯುವವು; ಜೊತೆಯಲ್ಲಿ ದೊಡ್ಡದಾದದ್ದು ಹೆಣ್ಣಾಗಿ ಮನೆಯ ಯಜಮಾನಿಕೆಯನ್ನು ವಹಿಸಿಕೊಳ್ಳುವದು. ಬಾಲಿಕೆಯರ ಶಾಲೆಯ ಸಂಚಿಕೆಯಲ್ಲಿ ಈ ಸಂಗತಿಯನ್ನು ಬಿಟ್ಟುಬಿಡಲು ಮನಸ್ಸಾಗಲಿಲ್ಲ.

ಇನ್ನು ಹೂವನ್ನು ಎಲ್ಲಿಂದ ತರುವದು? ದೊಡ್ಡ ಪಟ್ಟಣವೊಂದರ ಅಂಗಡಿಯಲ್ಲಿ ಕೆಲವನ್ನು ನೋಡಿದೆವು. ಕೆಲವು ಹಾಲಿನಂತೆ ಬೆಳ್ಳಗಿದ್ದುವು, ಒಂದೆರಡು ನಿಂಬೆಹಣ್ಣಿನಂತೆ ಹಳದಿಯಾಗಿದ್ದುವು. ಅಂಗಡಿಯವನು ಅವನ್ನು ವಿಶೇಷ ಜಾತಿಯೆಂದು ಹೊಗಳಿದನು. ವಾಸ್ತವವೇನೆಂದರೆ, ಈ ಹೂವುಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ವಾಸಿಸುತ್ತವೆ. ಅವು ಬೆಳಕಿನಿಂದ ಆಹಾರವನ್ನು ತಯಾರಿಸಿ ಮನೆಯೊಡತಿಗೂ ಪಾಲು ಕೊಡುತ್ತವೆ. ಕಂದುಬಣ್ಣ ಬಹುಮಟ್ಟಿಗೆ ಅವುಗಳದು. ಬೆಳ್ಳಗಾಯಿತೆಂದರೆ ಒಕ್ಕಲು ಬಿಟ್ಟುಹೋಯಿತೆಂದೂ ಪ್ರಾಣಿ ಉಪವಾಸವಿದೆಯೆಂದೂ ತಿಳಿಯಬೇಕು. ಅಂತಹ ಬಿಳಿಯ ಪ್ರಾಣಿಗೆ ಬಣ್ಣದ ನೀರು ಕುಡಿಸಿ ಹಳದಿ ಮಾಡುವದೂ ಉಂಟು. ಬಾಯಿ ಬಿಗಿಯಾಗಿ ಮುಚ್ಚಿರಬೇಕು, ಅಡಿಯ ಪಾದ ಹರಿದಿರಬಾರದು, ಎಸಳುಗಳು ಅಂಟಂಟಾಗಿರಬೇಕು. ಆರೋಗ್ಯದ ಲಕ್ಷಣ ಇವು. ಅಲ್ಲಿ ಯಾವದರಲ್ಲಿಯೂ ಇವು ಕಾಣದ್ದರಿಂದ ಬರಿಗೈಯಲ್ಲಿ ಹಿಂದಿರುಗಿದೆವು.

ಊರಿಗೆ ಹೋದಾಗ ಸೋಮೇಶ್ವರದ ಬಂಡೆಯಿಂದ ಒಂದನ್ನು ಎಬ್ಬಿಸಿ ತರಬಹುದಲ್ಲವೆ ಎಂದು ನಮ್ಮ ಮಗಳು ಕೇಳಿದಳು. ಬೇಡವೆಂದೆವು. ‘ಅಕ್ವೇರಿಯಂ’ ಎಂಬ ಶಬ್ದವನ್ನು ೧೮೫೪ರಲ್ಲಿ ತನ್ನ ಪುಸ್ತಕದ ಮೂಲಕ ಮನೆಮನೆಗೂ ಮುಟ್ಟಿಸಿದ ಫಿಲಿಪ್ ಹೆನ್ರಿ ಗೊಸ್ ಎಂಬ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞನ ಕಥೆ ಇದಕ್ಕೆ ಸಾಕ್ಷಿ. ಅವನ ಬರಹಗಳನ್ನು ಓದಿದ ಜನರು ಬುಟ್ಟಿ ಸುತ್ತಿಗೆ ಹಿಡಿದುಕೊಂಡು ಕಡಲತೀರಕ್ಕೆ ನುಗ್ಗಿದರು. ಅವನಿಗೆ ಪ್ರಿಯವಾಗಿದ್ದ ಬಂಡೆಕುಳಿಗಳೇ ಬರಿದಾದುವು. ಅವನ ಮಗನು ೧೯೦೭ರಲ್ಲಿ ಪ್ರಕಟಿಸಿದ ತನ್ನ ಬಾಲ್ಯದ ಕಥೆಯಲ್ಲಿ ಈ ನಷ್ಟವನ್ನು ದುಃಖದಿಂದ ಹೇಳಿದ್ದಾನೆ. ನಮ್ಮ ದೇಶದಲ್ಲಂತೂ ಬಂಡೆಕಟ್ಟುವ ಹವಳಗಳನ್ನು ೨೦೦೧ರಿಂದ ವನ್ಯಜೀವಿ ಸಂರಕ್ಷಣೆಯ ಕಾಯಿದೆಯ ಒಂದನೆಯ ಪಟ್ಟಿಗೆ ಸೇರಿಸಿದ್ದಾರೆ. ಆದುದರಿಂದ ನಮ್ಮ ತೊಟ್ಟಿಯಲ್ಲಿರುವ ಬಂಡೆ ಹವಳದ್ದಲ್ಲ, ಸುಟ್ಟ ಮಣ್ಣಿನದು. ಮೀನುಗಳೂ ತೊಟ್ಟಿಯಲ್ಲಿ ಮರಿಯಾದವು. ಕೋಡಂಗಿ ಮೀನನ್ನು ಹೀಗೆ ಮರಿಮಾಡಿಸುವ ವಿಧಾನವನ್ನು ನಮ್ಮ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರೂ ಸಾಧಿಸಿದ್ದಾರೆ. ಮೀನಿಗೊಂದು ನ್ಯಾಯ, ಹೂವಿಗೊಂದು ನ್ಯಾಯವೆಂದು ಮಾಡುವದು ನಮಗೆ ಸರಿತೋರಲಿಲ್ಲ.

ದಾರಿ ತೋರಿಸಿದವಳು ಶಾಲೆಯಲ್ಲಿ ನಮ್ಮೊಡನೆ ಒಂದೇ ಬೆಂಚಿನಲ್ಲಿ ಕುಳಿತು ಓದಿದ, ಈಗ ಬೆಂಗಳೂರಿನಲ್ಲಿರುವ ಗೆಳತಿ. ಅವಳ ಮನೆಯಲ್ಲಿ ಗುಳ್ಳೆತುದಿಯ ಜಾತಿಯ ಕಡಲಹೂವೊಂದು ಬಹುದಿನಗಳಿಂದ ಇತ್ತು. ಶಾಸ್ತ್ರಜ್ಞರು ಇದನ್ನು ಎಂಟಾಕ್ಮಿಯಾ ಕ್ವಾಡ್ರಿಕಲರ್ ಎನ್ನುವರು. ಇದರ ಎಸಳುಗಳ ತುದಿ ಒಮ್ಮೊಮ್ಮೆ ಉಬ್ಬಿ ಮಣಿಯಂತಾಗುವದು. ಈ ಜಾತಿಯು ಮನಸ್ಸು ಬಂದಾಗ ತನ್ನನ್ನು ತಾನೇ ನಡುವೆ ಸೀಳಿಕೊಂಡು ಎರಡಾಗುತ್ತದೆ. ಅವಳದು ಹಾಗೆ ಎರಡಾಗಿತ್ತು. “ತವರುಮನೆಯ ಹಣ್ಣಿನಂತೆ ಒಂದು ಪಾಲು ನಿನಗೆ” ಎಂದು ಬರೆದಳು. ಪಾದವನ್ನು ಕೀಳದೆ, ಅದು ಕಚ್ಚಿಕೊಂಡಿದ್ದ ಸಣ್ಣ ಕಲ್ಲನ್ನೇ ಜತೆಯಲ್ಲಿ ಕೊಟ್ಟಳು.

ಫೆಬ್ರವರಿ ತಿಂಗಳಲ್ಲಿ, ಚಳಿಯೂ ಸೆಕೆಯೂ ಅತಿಯಾಗಿಲ್ಲದ ಸಮಯವನ್ನು ನೋಡಿ, ಬೆಂಗಳೂರಿಗೆ ಹೋಗಿದ್ದ ಯಜಮಾನರು ಅದನ್ನು ಥರ್ಮೊಕೋಲಿನ ಡಬ್ಬದಲ್ಲಿಟ್ಟು ರಾತ್ರಿಯ ಬಸ್ಸಿನಲ್ಲಿ ತಂದರು. ಡಬ್ಬವನ್ನು ಮೇಲಿಡಿರೆಂದು ಕಂಡಕ್ಟರ್ ಮೂರು ಸಲ ಹೇಳಿದರೂ ಅವರು ಮಡಿಲಿನಿಂದ ಇಳಿಸಲಿಲ್ಲ. ಬೆಳಗಿನ ಹೊತ್ತಿಗೆ ಊರು ಸಮೀಪಿಸಿದರೆ, ಕಬ್ಬು ನುರಿಸುವ ಕಾಲವಾದ್ದರಿಂದ ಎರಡೆರಡು ಗಾಡಿಗಳನ್ನು ಕಟ್ಟಿಕೊಂಡ ಟ್ರ್ಯಾಕ್ಟರುಗಳ ಸಾಲು ರಸ್ತೆಯನ್ನೆಲ್ಲ ತುಂಬಿಕೊಂಡಿತ್ತು. ಕೊನೆಯ ನಾಲ್ಕಾರು ಮೈಲಿಗೆ ಎರಡು ತಾಸು ಹಿಡಿಯಿತು. ಡಬ್ಬ ಬಿಚ್ಚಿದಾಗ ಚೀಲದಲ್ಲಿದ್ದದ್ದು ಹೂವಾಗಿರಲಿಲ್ಲ; ನೆಲ್ಲಿಕಾಯಿ ಗಾತ್ರದ ಕಂದುಬಣ್ಣದ ಲೋಳೆಮುದ್ದೆ. ಪ್ರಯಾಣದಲ್ಲಿ ಇವು ಮೈಯೊಳಗಿನ ನೀರನ್ನೆಲ್ಲ ಹೊರಗೆಡಹಿ ಮುದುಡಿಕೊಳ್ಳುವವೆಂದು ಓದಿ ತಿಳಿದಿದ್ದರೂ ಎದೆ ಡವಗುಟ್ಟಿತು. ಮೂಸಿ ನೋಡಿದೆವು. ಸತ್ತ ಕಡಲಹೂವಿನ ದುರ್ವಾಸನೆ ಹೊಸ್ತಿಲಿನಿಂದಲೇ ತಿಳಿಯುವದಂತೆ. ವಾಸನೆಯಿರಲಿಲ್ಲ.

ಇಲ್ಲಿ ಅವಸರ ಕೂಡದು. ಕಡಲಹೂವು ಬಹುಮಟ್ಟಿಗೆ ನೀರೇ ಆದ್ದರಿಂದ ನೀರಿನ ಉಪ್ಪು ಫಕ್ಕನೆ ಬದಲಾದರೆ ಅದರ ಜೀವಕ್ಕೆ ಅಪಾಯ. ಮೊದಲು ಚೀಲವನ್ನು ತೊಟ್ಟಿಯ ನೀರಿನಲ್ಲಿ ತೇಲಿಬಿಟ್ಟು ಶಾಖವನ್ನು ಸಮಮಾಡಿದೆವು. ತೊಟ್ಟಿಯಲ್ಲಿ ೨೫ ಡಿಗ್ರಿ ಇತ್ತು. ಬಳಿಕ ಪ್ರಾಣಿಯನ್ನು ಅದರ ನೀರಿನೊಡನೆ ಸಣ್ಣ ಬಕೀಟಿಗೆ ಇಳಿಸಿ, ತೊಟ್ಟಿಯಿಂದ ಒಂದು ಸಣ್ಣ ಕೊಳವೆಯನ್ನು ಎಳೆದು, ಅದಕ್ಕೆ ಗಂಟುಹಾಕಿ, ಆಸ್ಪತ್ರೆಯಲ್ಲಿ ರೋಗಿಗೆ ಗ್ಲೂಕೋಸು ಕೊಡುವಂತೆ ಹನಿಹನಿಯಾಗಿ ನೀರು ಬೀಳಿಸಿದೆವು. ಒಂದೂವರೆ ತಾಸಿನಲ್ಲಿ ಬಕೀಟಿನ ನೀರು ಮೂರು ಪಾಲಾಯಿತು. ಅಳೆದು ನೋಡಿದರೆ ಎರಡೂ ಕಡೆ ೩೫. ಆ ಮೇಲೆ ದೀಪದ ಬೆಳಕನ್ನು ತಗ್ಗಿಸಿ, ಪಂಪನ್ನು ನಿಲ್ಲಿಸಿ, ಕಲ್ಲುಸಹಿತವಾಗಿ ಅದನ್ನು ಬಂಡೆಯ ಒಂದು ಸಂದಿನಲ್ಲಿ ಕುಳ್ಳಿರಿಸಿದೆವು. ಬಕೀಟಿನ ನೀರನ್ನು ತೊಟ್ಟಿಗೆ ಸೇರಿಸಲಿಲ್ಲ. ಪಂಪುಗಳ ಬಾಯಿಗೆ ಹಿಂದಿನ ದಿನವೇ ಸ್ಪಂಜು ಕಟ್ಟಿ ಆಗಿತ್ತು. ಸಂಜೆಯ ವೇಳೆಗೆ ಮುದ್ದೆ ಬಿಚ್ಚಿಕೊಂಡು ಅಂಗೈಯಗಲವಾಯಿತು. ನೋಡಬಂದ ನೆರೆಮನೆಯ ಅಜ್ಜಿ, “ಯವ್ವಾ! ಹೂವಿಗೆ ಬಾಯಿ ಬಂದೈತಲ್ಲವಾ!” ಎಂದು ಗಲ್ಲದ ಮೇಲೆ ಬೆರಳಿಟ್ಟರು.

ನಾವು ಕೊಟ್ಟ ಜಾಗ ಅದಕ್ಕೆ ಹಿಡಿಸಲಿಲ್ಲ. ಪಾದವಿದ್ದರೂ ಬೇರಿಲ್ಲದ ಜೀವಿ ಇದು. ಬೆಳಕು, ನೀರಿನ ಓಟ, ಪಾದ ಹುದುಗಿಸಲು ಸಂದು ಈ ಮೂರೂ ಒಪ್ಪಿಗೆಯಾಗುವ ತನಕ ತೆವಳುತ್ತದೆ. ಎರಡನೆಯ ರಾತ್ರಿ ಕಲ್ಲನ್ನು ಬಿಟ್ಟಿತು. ಮೂರನೆಯ ದಿನ ಬೆಳಗ್ಗೆ ಗಾಜಿನ ಮೇಲೆ, ಪಂಪಿನಿಂದ ಒಂದು ಗೇಣಿನ ದೂರದಲ್ಲಿತ್ತು. ಸಂಜೆಗೆ ನಾಲ್ಕು ಬೆರಳು. ಪಂಪಿನ ಚಕ್ರಕ್ಕೆ ಸಿಕ್ಕಿದ ಕಡಲಹೂವು ಚೂರುಚೂರಾಗಿ, ಆ ಚೂರುಗಳು ಕೊಳೆತು, ಒಂದೇ ರಾತ್ರಿಯಲ್ಲಿ ತೊಟ್ಟಿಯ ಸಕಲ ಜೀವಿಗಳನ್ನೂ ಕೊಲ್ಲಬಲ್ಲದು. ಹದಿನಾಲ್ಕು ತಿಂಗಳ ನೀರು, ನಮ್ಮ ಜೊತೆ ಮೀನು, ಗೆಳತಿಯ ಕೊಡುಗೆ ಎಲ್ಲವೂ ಆ ನಾಲ್ಕು ಬೆರಳಿನ ಅಂತರದಲ್ಲಿದ್ದುವು. ಕೈಹಾಕಿ ಕಿತ್ತು ಆಚೆಗೆ ಇಡೋಣವೆಂದು ಮಗಳು ಅಂಗಲಾಚಿದಳು. ಆದರೆ ಗಾಜಿಗೆ ಕಚ್ಚಿಕೊಂಡ ಪಾದವನ್ನು ಎಬ್ಬಿಸಹೋದರೆ ಹರಿಯುವದು. ಹರಿದ ಪಾದ ಪಂಪಿನಷ್ಟೇ ಮಾರಕ. ಸ್ಪಂಜನ್ನು ಇನ್ನೊಂದು ಸುತ್ತು ಬಿಗಿದು ಕೈಯನ್ನು ಹಿಂದೆಗೆದುಕೊಂಡೆವು. ಮಗಳು ಆ ರಾತ್ರಿ ನಮ್ಮೊಡನೆ ಮಾತಾಡಲಿಲ್ಲ.

ನಾಲ್ಕನೆಯ ಸಂಜೆ ಏಳಕ್ಕೆ ವಿದ್ಯುತ್ತು ಹೋಯಿತು. ಇನ್ವರ್ಟರ್ ಮೂರು ತಾಸು ಪಂಪನ್ನು ನಡೆಸಿ ಕೈಬಿಟ್ಟಿತು. ನಿಂತ ನೀರಿನಲ್ಲಿ ಪ್ರಾಣವಾಯು ಮುಗಿಯಹತ್ತಿದರೆ ಮೊದಲು ಕಷ್ಟಪಡುವವು ಮೀನುಗಳು. ಅವಾಗಲೇ ಮೇಲಕ್ಕೆ ಬಂದು ಬಾಯಿ ತೆರೆಯುತ್ತಿದ್ದುವು. ಅಡಿಗೆಮನೆಯಿಂದ ದೊಡ್ಡ ತಂಬಿಗೆಯನ್ನು ತಂದು, ತೊಟ್ಟಿಯಿಂದ ನೀರು ತುಂಬಿ, ಒಂದು ಮೊಳ ಎತ್ತರದಿಂದ ಹಿಂದಕ್ಕೆ ಹೊಯ್ಯತೊಡಗಿದೆವು. ವೆಸ್ಟ್‌ಮಿನ್‌ಸ್ಟರಿನ ಆ ಹುಡುಗಿಯನ್ನು ಎಷ್ಟು ಸಲ ನೆನೆದೆವೋ! ಅವಳಿಗೆ ಮುಕ್ಕಾಲು ತಾಸಿನ ಕೆಲಸ. ನಮಗೆ ರಾತ್ರಿ ಹತ್ತರಿಂದ ಎರಡೂವರೆಯವರೆಗೆ. ಮೊದಲು ನಾವು, ಬಳಿಕ ಯಜಮಾನರು, ಬಳಿಕ, ಮಾತುಬಿಟ್ಟಿದ್ದ ಮಗಳು ತಾನಾಗಿಯೇ ಎದ್ದುಬಂದು ತಂಬಿಗೆ ಹಿಡಿದಳು. ಅತ್ತೆಯವರು ಕುರ್ಚಿ ಎಳೆದುಕೊಂಡು ಕಂದೀಲು ಹಿಡಿದು ಕುಳಿತು, ಅದು ಎಲ್ಲಿಯವರೆಗೆ ಬಂತೆಂದು ಹೇಳುತ್ತಿದ್ದರು. ಅವರ ಕಣ್ಣಿಗೆ ಮೊದಲು ಬಿದ್ದದ್ದೇನೆಂದರೆ, ಪಂಪು ನಿಂತು ನೀರಿನ ಓಟ ಅಡಗಿದ ಮೇಲೆ ಹೂವು ದಿಕ್ಕು ಬದಲಾಯಿಸಿತ್ತು. “ಹೊಳ್ಳಿ ಹೊಂಟೈತಿ ನೋಡ್ರಿ” ಎಂದರು. ಬೆಳಕು ಹರಿಯುವ ವೇಳೆಗೆ ಅದು ಗಾಜನ್ನು ಬಿಟ್ಟು, ಬಂಡೆಯ ಮೇಲ್ಭಾಗದಲ್ಲಿ ನಾವು ಎಣಿಸದೆ ಇದ್ದ ಒಂದು ಬಿರುಕಿನೊಳಗೆ ಪಾದವನ್ನು ಇಳಿಸಿ, ದೀಪಕ್ಕೆ ನೇರವಾಗಿ ಅರಳಿ ನಿಂತಿತ್ತು. ಅಂದಿನಿಂದ ಈವರೆಗೆ ಅಲ್ಲಿಂದ ಕದಲಿಲ್ಲ.

ಒಂದು ವಾರ ಕಳೆದ ಮೇಲೆ ಸಿಗಡಿಯ ಚೂರೊಂದನ್ನು, ಕಡಲೆಕಾಳಿಗಿಂತ ದೊಡ್ಡದಲ್ಲ, ಇಕ್ಕುಳದಿಂದ ಎಸಳಿಗೆ ಮುಟ್ಟಿಸಿದೆವು. ಎಸಳು ಅದನ್ನು ಹಿಡಿದು ಬಾಯಿಗೆ ಒಯ್ದಿತು. ವಾರಕ್ಕೆ ಒಂದೆರಡು ಸಲ ಇಷ್ಟೇ. ಮಿಕ್ಕದ್ದನ್ನು ಬೆಳಕಿನಿಂದ ಪಡೆಯುವದು. ಹೆಚ್ಚು ತಿನ್ನಿಸಿದರೆ ನೀರು ಕೆಡುವದು.

ಮೀನುಗಳ ವಿಷಯದಲ್ಲಿ ನಮಗೆ ಸಂದೇಹವಿತ್ತು. ಕಾಲಿಂಗ್‌ವುಡ್ ಎಂಬಾತನು ೧೮೬೮ರಲ್ಲಿ ಕಡಲಹೂವು ಮತ್ತು ಮೀನಿನ ಈ ಸ್ನೇಹವನ್ನು ವರ್ಣಿಸಿದಂದಿನಿಂದ ಎಲ್ಲರೂ ಅದನ್ನು ಕೊಂಡಾಡುತ್ತ ಬಂದಿದ್ದಾರೆ. ಎಸಳುಗಳಲ್ಲಿರುವ ವಿಷದ ಸೂಜಿಗಳು ಇತರ ಮೀನುಗಳನ್ನು ಚುಚ್ಚುವವು. ಮೈಯ ಲೋಳೆಯ ರಕ್ಷಣೆಯಿಂದ ಕೋಡಂಗಿ ಮೀನು ಅಲ್ಲಿ ಮಲಗಿ ಏಳುವದು. ಆದರೆ ಕೋಡಂಗಿ ಮೀನಿನಲ್ಲಿ ಸುಮಾರು ಮೂವತ್ತು ಜಾತಿಗಳಿವೆ. ಆಶ್ರಯ ಕೊಡುವ ಹೂವು ಹತ್ತರ ಸುಮಾರು ಜಾತಿಗಳು ಮಾತ್ರ. ಎಲ್ಲರಿಗೂ ಎಲ್ಲರೂ ಒಗ್ಗುವದಿಲ್ಲ. ನಮ್ಮ ಮೀನಿನ ಜಾತಿ ಸಮುದ್ರದಲ್ಲಿ ಗುಳ್ಳೆತುದಿಯ ಹೂವಿನಲ್ಲಿ ಸಾಮಾನ್ಯವಾಗಿ ವಾಸಿಸುವದಿಲ್ಲ. ಮೇಲಾಗಿ, ಈ ಮೀನುಗಳು ಕಡಲನ್ನೂ ಕಂಡವಲ್ಲ, ಕಡಲಹೂವನ್ನೂ ಕಂಡವಲ್ಲ. ಹತ್ತೊಂಬತ್ತು ದಿನಗಳವರೆಗೆ ಅವು ಅದರ ಕಡೆಗೆ ತಿರುಗಲಿಲ್ಲ. ಪಂಪಿನ ಸ್ಪಂಜಿನ ಮಗ್ಗುಲಲ್ಲಿಯೇ ಮಲಗುತ್ತಿದ್ದುವು. ಇಪ್ಪತ್ತನೆಯ ದಿನ ಹೆಣ್ಣುಮೀನು ಹೂವಿನ ಸಮೀಪಕ್ಕೆ ಹೋಗಿ, ಬಾಲದ ತುದಿಯನ್ನು ಎಸಳಿಗೆ ಸೋಕಿಸಿ, ಬೆಂಕಿ ಮುಟ್ಟಿದಂತೆ ಹಿಂದಕ್ಕೆ ಹಾರಿತು. ಮತ್ತೆ ಹೋಯಿತು. ಆ ದಿನವೆಲ್ಲ ಇದೇ ಆಟ. ಮೂರು ದಿನಗಳ ತರುವಾಯ ಮಗಳು ಶಾಲೆಗೆ ಹೊರಟವಳು ಚೀಲವನ್ನು ಹೆಗಲಿನಲ್ಲಿಟ್ಟುಕೊಂಡೇ ಕೂಗಿ ಕರೆದಳು. ಎರಡೂ ಮೀನುಗಳು ಎಸಳುಗಳ ನಡುವೆ ಮುಖ ಮಾತ್ರ ತೋರಿಸುತ್ತ ಹುದುಗಿಕೊಂಡಿದ್ದುವು.

ಇದರ ಆಯುಸ್ಸು ಎಷ್ಟೆಂದು ಕೇಳುವವರಿಗೆ ನಾವು ಎಡಿನ್‌ಬರೋದ ಅಜ್ಜಿಯ ಕಥೆಯನ್ನು ಹೇಳುತ್ತೇವೆ. ಸರ್ ಜಾನ್ ಡಾಲ್ಯೆಲ್ ಎಂಬವನು ೧೮೨೮ರಲ್ಲಿ ಸ್ಕಾಟ್ಲಂಡಿನ ಕರಾವಳಿಯಿಂದ ಬೇರೊಂದು ಜಾತಿಯ ಕಡಲಹೂವನ್ನು ತಂದು ಗಾಜಿನ ಪಾತ್ರೆಯಲ್ಲಿಟ್ಟನು. ೧೮೫೧ರಲ್ಲಿ ಅವನು ತೀರಿಕೊಂಡನು, ಅದು ತೀರಿಕೊಳ್ಳಲಿಲ್ಲ. ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗುತ್ತ, ನೂರಾರು ಮರಿಗಳನ್ನು ಹೆತ್ತು, ‘ಅಜ್ಜಿ’ ಎಂದು ಹೆಸರಾಗಿ, ೧೮೮೭ರ ವರೆಗೆ ಬಾಳಿತು. ಅದು ಸತ್ತಾಗ ವರ್ತಮಾನಪತ್ರಗಳಲ್ಲಿ ಸುದ್ದಿ ಬಂದಿತ್ತಂತೆ.

ನಮ್ಮ ಹೂವು ಈಗ ಊಟದ ತಟ್ಟೆಯಗಲವಾಗಿದೆ, ಎಂದಾದರೂ ಎರಡಾಗಬಹುದು. ಹಾಗಾದ ಪಕ್ಷದಲ್ಲಿ ಒಂದು ಪಾಲನ್ನು ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರಲ್ಲಿ ಕೇಳಿದವರಿಗೆ ಸಂತೋಷದಿಂದ ಕೊಡುವೆವು, ಹಣ ಬೇಡ. ತೊಟ್ಟಿಗೆ ಆರು ತಿಂಗಳಾದರೂ ತುಂಬಿರಬೇಕು, ಪಂಪಿನ ಬಾಯಿಗೆ ಸ್ಪಂಜು ಕಟ್ಟಿರಬೇಕು, ಡಬ್ಬವನ್ನು ದಾರಿಯುದ್ದಕ್ಕೂ ಮಡಿಲಿನಲ್ಲಿಟ್ಟುಕೊಳ್ಳುವವರು ಜತೆಗಿರಬೇಕು. ಕಬ್ಬು ನುರಿಸುವ ಕಾಲದಲ್ಲಿ ಬರುವವರು ಬಸ್ಸಿನ ವೇಳೆಗಿಂತ ಎರಡು ತಾಸು ಹೆಚ್ಚಿಗೆ ಹಿಡಿದುಕೊಂಡು ಹೊರಡುವದು ಒಳ್ಳೆಯದು.